ಗಜಕರ್ಣಕ್ಕೆ ತಗತೆ ಸೊಪ್ಪು, ಟೀ ಟ್ರೀ ಆಯಿಲ್, ಬೆಳ್ಳುಳ್ಳಿ: ತುರಿಕೆ ನಿಲ್ಲೋದು ಬೇರೆ, ಫಂಗಸ್ ಸಾಯೋದು ಬೇರೆ

ಪ್ರಶ್ನೆ: ಡಾಕ್ಟ್ರೇ, ನಮ್ದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ನಮ್ಮನೆಯವ್ರಿಗೆ ಏಳು ತಿಂಗಳಿಂದ ತೊಡೆ ಸಂದೀಲಿ, ಸೊಂಟದ ಸುತ್ತ ಗಜಕರ್ಣ. ಮೊದ್ಲು ನಮ್ಮತ್ತೆ ತಗತೆ ಸೊಪ್ಪನ್ನ ನಿಂಬೆರಸದಲ್ಲಿ ಅರೆದು ಹಚ್ಚಿದ್ರು, ಸ್ವಲ್ಪ ಕಮ್ಮಿ ಆದಂಗಾಯ್ತು. ಆಮೇಲೆ ಮೆಡಿಕಲ್ ಶಾಪಲ್ಲಿ ಒಂದು ಟ್ಯೂಬ್ ಕೊಟ್ರು, ಎರಡೇ ದಿನಕ್ಕೆ ತುರಿಕೆ ನಿಂತೋಯ್ತು, ಆದ್ರೆ ಬಿಟ್ಟ ತಕ್ಷಣ ಡಬಲ್ ಆಗಿ ಬರುತ್ತೆ. ಈಗ ಆರು ವರ್ಷದ ಮಗಳ ತಲೇಲೂ ಒಂದು ಕಡೆ ರೂಪಾಯಿ ಅಗಲ ಕೂದ್ಲು ಉದುರಿ ಹೊಟ್ಟೆದ್ದಿದೆ. ಇಂಗ್ಲಿಷ್ ಔಷಧಿ ಸಾಕು, ಗಿಡಮೂಲಿಕೆನೇ ಮಾಡೋಣ ಅಂತಾರೆ ಅತ್ತೆ. ಬೇವು, ಅರಿಶಿನ, ಬೆಳ್ಳುಳ್ಳಿ, ಆನ್‌ಲೈನಲ್ಲಿ ಸಿಗೋ ಟೀ ಟ್ರೀ ಆಯಿಲ್, ಇದಕ್ಕೆಲ್ಲ ನಿಜವಾಗ್ಲೂ ಪುರಾವೆ ಇದ್ಯಾ?

ಉತ್ತರ:

ಮೊದ್ಲು ಮಗಳ ವಿಷ್ಯ. ಅವಳ ತಲೆಗೆ ಸೊಪ್ಪೂ ಬೇಡ, ಎಣ್ಣೆನೂ ಬೇಡ, ಆ ಟ್ಯೂಬಂತೂ ಬೇಡವೇ ಬೇಡ, ಈ ವಾರದೊಳಗೆ ಚರ್ಮದ ಡಾಕ್ಟರಿಗೆ ತೋರಿಸಿ. ಯಾಕೆ ಅಂತ ಕೊನೇಲಿ ಹೇಳ್ತೀನಿ. ಅಷ್ಟು ಗಟ್ಟಿ ಮಾಡ್ಕೊಂಡು ಮುಂದಿಂದು ನಿಧಾನಕ್ಕೆ ಓದಿ.

ಈಗ ನಿಮ್ಮತ್ತೆಯವರ ಸೊಪ್ಪು. ಈ ಪ್ರಶ್ನೆ ಕೇಳಿದೋರಿಗೆ ನಮ್ಮಲ್ಲಿ ಬಹಳ ಜನ ಡಾಕ್ಟ್ರು ಬೈದು ಕಳಿಸ್ತೀವಿ, ಅದು ತಪ್ಪು ಅಂತ ನಂಗೆ ವರ್ಷ ಕಳೀತಾ ಅನ್ನಿಸಿದೆ. ಯಾಕಂದ್ರೆ ತಗತೆಯನ್ನ ಗಜಕರ್ಣಕ್ಕೆ ಹಚ್ಚೋದು ಯಾರೋ ವಾಟ್ಸಾಪಲ್ಲಿ ಹುಟ್ಟಿಸಿದ್ದಲ್ಲ. ಮಳೆ ಬಿದ್ದು ವಾರ ಕಳಿಯೋದ್ರೊಳಗೆ ರಸ್ತೆ ಬದಿ ಪೂರ್ತಿ ಎದ್ದು ನಿಲ್ಲೋ ಗಿಡ ಅದು, ತುಳುನಾಡಲ್ಲಿ ತಜಂಕ್ ಅಂತಾರೆ, ಎಳೆ ಎಲೆ ಹಾಕಿ ಅಂಬಡೆ ಮಾಡ್ತಾರೆ. ಸಂಸ್ಕೃತದಲ್ಲಿ ಅದಕ್ಕೆ ಚಕ್ರಮರ್ದ ಅಂತ ಹೆಸ್ರು, ಅಂದ್ರೆ ಚಕ್ರವನ್ನ ಅಳಿಸೋದು, ಚರ್ಮದ ಮೇಲೆ ಉಂಗುರದ ಥರ ಎದ್ದಿರೋ ಚಕ್ರ. ಇನ್ನೊಂದು ಹೆಸ್ರು ದದ್ರುಘ್ನ, ದದ್ರು ಅಂದ್ರೆ ಗಜಕರ್ಣ. ಗಿಡದ ಹೆಸರಲ್ಲೇ ಕಾಯಿಲೆ ಇದೆ, ಅಷ್ಟು ಹಳೇ ಅನುಭವ ಅದು. ಇದೇ ಜಾತಿಗೆ ಹತ್ತಿರದ ನೆಂಟ ಸೀಮೆ ಅಗಸೆ, ಹಳದಿ ಹೂವು ಮೇಣದ ಬತ್ತಿ ಥರ ನೆಟ್ಟಗೆ ನಿಲ್ಲುತ್ತಲ್ಲ ಅದು, ಅದನ್ನೂ ಏಷ್ಯಾ ಆಫ್ರಿಕಾ ಎರಡೂ ಕಡೆ ಹುಳುಕಡ್ಡಿಗೇ, ಅಂದ್ರೆ ಇದೇ ಗಜಕರ್ಣಕ್ಕೇ, ಹಚ್ತಾರೆ. ಅಷ್ಟು ದೂರ ದೂರದ ಊರುಗಳಲ್ಲಿ ಒಂದೇ ಕಾಯಿಲೆಗೆ ಒಂದೇ ಜಾತಿ ಗಿಡ ಹಚ್ತಾರೆ ಅಂದ್ರೆ ಅದ್ರಲ್ಲಿ ಏನೋ ಇದೆ ಅಂತ ನಾನು ಕಿವಿ ನೆಟ್ಟಗೆ ಮಾಡ್ತೀನಿ.

ಇರೋದು ಏನು ಅಂದ್ರೆ ಆಂಥ್ರಾಕ್ವಿನೋನ್ ಅನ್ನೋ ಗುಂಪಿನ ಹಳದಿ ರಾಸಾಯನಿಕಗಳು, ಅದ್ರಲ್ಲಿ ಒಂದು ಕ್ರೈಸೋಫನಾಲ್. ಇದ್ರ ಹಿಂದೆ ನಮ್ಮ ಪಕ್ಕದ ಗೋವಾದ ಒಂದು ಕತೆ ಇದೆ, ಸ್ವಲ್ಪ ದಾರಿ ತಪ್ಪಿದ್ರೂ ಹೇಳ್ತೀನಿ. 19ನೇ ಶತಮಾನದಲ್ಲಿ ಗೋವಾ, ಮುಂಬೈ ಕಡೆ ಹುಳುಕಡ್ಡಿಗೆ ಗೋವಾ ಪೌಡರ್ ಅಂತ ಒಂದು ಹಳದಿ ಪುಡಿ ಹಚ್ತಿದ್ರು. ಎಲ್ರೂ ಅದು ಇಲ್ಲಿಂದೇ ಅನ್ಕೊಂಡಿದ್ರು, ಆಮೇಲೆ ನೋಡಿದ್ರೆ ಅದು ಬ್ರೆಜಿಲ್‌ನ ಒಂದು ದೊಡ್ಡ ಮರದ ಕಾಂಡದ ಸಂದೀಲಿ ಕೂತಿರೋ ಪುಡಿ, ಪೋರ್ಚುಗೀಸರ ಹಡಗಲ್ಲಿ ಬಂದಿದ್ದು. ಸೋರಿಯಾಸಿಸ್ ಅನ್ನೋ ಬೇರೆಯೇ ಚರ್ಮರೋಗ ಇದ್ದೋರೊಬ್ರು ತಮ್ದು ಗಜಕರ್ಣ ಅಂತ ತಪ್ಪು ತಿಳ್ಕೊಂಡು ಆ ಪುಡಿ ಹಚ್ಚಿ ವಾಸಿ ಮಾಡ್ಕೊಂಡಿದ್ದನ್ನ ಲಂಡನ್‌ನ ಬಾಲ್ಮನೋ ಸ್ಕ್ವೈರ್ ಅನ್ನೋ ಡಾಕ್ಟ್ರು 1870ರ ದಶಕದಲ್ಲಿ ಗಮನಿಸಿದ್ರು, ಆ ಪುಡಿಯ ಸಾರ ಕ್ರೈಸಾರೋಬಿನ್, ಎಲೇಲಿರೋ ಆ ಕ್ರೈಸೋಫನಾಲ್‌ನ ನೆಂಟ, ಮೊದಲ ಮಹಾಯುದ್ಧದಲ್ಲಿ ಅದು ಸಿಗದೇ ಹೋದಾಗ ಜರ್ಮನಿಯವ್ರು 1916ರಲ್ಲಿ ಅದೇ ಅಚ್ಚಿನ ಡೈಥ್ರನಾಲ್ ತಯಾರು ಮಾಡಿದ್ರು, ಅದನ್ನ ಸೋರಿಯಾಸಿಸ್‌ಗೆ ನಾವು ಇವತ್ತಿಗೂ ಬರೀತೀವಿ. ಅಂದ್ರೆ ನಿಮ್ಮತ್ತೆ ಅರೆದ ಎಲೇಲಿರೋ ವಸ್ತುವಿನ ದಾಯಾದಿನೇ ನಮ್ಮ ಚೀಟೀಲಿ ಇದೆ. ಹಾಗಾಗಿ ಸೊಪ್ಪಲ್ಲಿ ಏನೂ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಆ ಕ್ರೈಸಾರೋಬಿನ್ನು ಚರ್ಮ ಸುಡ್ತಿತ್ತು, ಬಟ್ಟೆ ಕಲೆ ಮಾಡ್ತಿತ್ತು, ಕಣ್ಣಿಗೆ ತಾಗಿದ್ರೆ ಉರಿ ಊತ, ಅದಕ್ಕಿಂತ ಸೌಮ್ಯವಾಗಿ ಕೆಲಸ ಮಾಡೋ ಔಷಧಿ ಬಂದ ಮೇಲೆ ಗಜಕರ್ಣಕ್ಕೆ ಅದನ್ನ ಬಳಸೋರು ಇಲ್ಲವಾದ್ರು.

ಸರಿ, ಪುರಾವೆ ಅಂದ್ರೇನು. ಇಲ್ಲೇ ಎಲ್ಲಾ ಗೊಂದಲ ಇರೋದು. ನೀವು ಯಾವ್ದೇ ಗಿಡದ ಹೆಸ್ರು ಹಾಕಿ ಹುಡುಕಿದ್ರೂ ಫಂಗಸ್ ಕೊಲ್ಲುತ್ತೆ ಅಂತ ಹತ್ತಾರು ಪೇಪರ್ ಸಿಗುತ್ತೆ, ಬೇವಿಗೆ ಸಿಗುತ್ತೆ, ತುಳಸಿಗೆ ಸಿಗುತ್ತೆ, ದಾಳಿಂಬೆ ಸಿಪ್ಪೆಗೆ ಸಿಗುತ್ತೆ. ಅದ್ರಲ್ಲಿ ಮುಕ್ಕಾಲು ಪಾಲು ಗಾಜಿನ ತಟ್ಟೇಲಿ ಮಾಡಿದ್ದು, ಅಗಾರ್ ಅನ್ನೋ ಜೆಲ್ಲಿ ಥರದ್ದರ ಮೇಲೆ ಫಂಗಸ್ ಬೆಳೆಸಿ, ನಡುವೆ ಒಂದು ಗುಂಡಿ ತೆಗ್ದು, ಅದಕ್ಕೆ ಎಲೆ ಸಾರ ಹಾಕಿ, ಸುತ್ತ ಎಷ್ಟು ಮಿಲಿಮೀಟರ್ ಫಂಗಸ್ ಬೆಳೀಲಿಲ್ಲ ಅಂತ ಅಳೆಯೋದು. ತಟ್ಟೇಲಿ ಸ್ಪಿರಿಟ್ ಹಾಕಿದ್ರೂ ಫಂಗಸ್ ಸಾಯುತ್ತೆ, ಬ್ಲೀಚಿಂಗ್ ಪೌಡರ್ ಹಾಕಿದ್ರೂ ಸಾಯುತ್ತೆ. ಕೇಳ್ಬೇಕಾಗಿರೋದು ಎಷ್ಟು ಕಮ್ಮಿ ಪ್ರಮಾಣದಲ್ಲಿ ಸಾಯುತ್ತೆ ಅಂತ. ಟರ್ಬಿನಾಫಿನ್ ಅನ್ನೋ ಮಾತ್ರೆಯ ಔಷಧಿ, ರೆಸಿಸ್ಟೆನ್ಸ್, ಅಂದ್ರೆ ಔಷಧಿಗೆ ಬಗ್ಗದ ಗುಣ, ಬೆಳೆಸ್ಕೊಳ್ಳದ ಗಜಕರ್ಣದ ಫಂಗಸ್ಸನ್ನ ಒಂದು ಮಿಲಿಲೀಟರಿಗೆ 0.03 ಮೈಕ್ರೋಗ್ರಾಂ ಆಸುಪಾಸಲ್ಲೇ ತಡೆಯುತ್ತೆ. ಗಿಡದ ಸಾರಗಳು ಸಾಮಾನ್ಯವಾಗಿ ನೂರು, ಐನೂರು, ಸಾವಿರ ಮೈಕ್ರೋಗ್ರಾಂ ಕೇಳ್ತವೆ. ಎಷ್ಟು ಸಾವಿರ ಪಟ್ಟು ಅಂತ ನೀವೇ ಲೆಕ್ಕ ಹಾಕಿ. ಅಷ್ಟು ಪ್ರಮಾಣ ಚರ್ಮದ ಮೇಲ್ಪದರದೊಳಗೆ ಇಳಿದು, ಬೆವರಿಗೆ ತೊಳೆದು ಹೋಗದೆ, ಚರ್ಮ ಸುಡದೆ, ವಾರಗಟ್ಲೆ ಅಲ್ಲೇ ನಿಲ್ಬೇಕು. ತಟ್ಟೇಲಿ ಇದ್ಯಾವ ಕಷ್ಟನೂ ಇಲ್ಲ.

ಅದಕ್ಕೇ ಮನುಷ್ಯರ ಮೇಲೆ ನಡೆದ ಟ್ರಯಲ್ ಬೇಕು, ಒಂದು ಗುಂಪಿಗೆ ಔಷಧಿ, ಇನ್ನೊಂದು ಗುಂಪಿಗೆ ಅದೇ ಥರ ಕಾಣೋ ಖಾಲಿ ಮುಲಾಮು, ಕೊನೇಲಿ ಚರ್ಮ ಕೆರೆದು ಮೈಕ್ರೋಸ್ಕೋಪಲ್ಲಿ ನೋಡ್ಬೇಕು, ಕಲ್ಚರ್ ಹಾಕ್ಬೇಕು, ಅಂದ್ರೆ ಕೆರೆದಿದ್ದನ್ನ ಲ್ಯಾಬಲ್ಲಿಟ್ಟು ಫಂಗಸ್ ಇನ್ನೂ ಬೆಳೆಯುತ್ತಾ ಅಂತ ನೋಡ್ಬೇಕು. ಈ ಕೊನೆಯ ಮಾತು ಮುಖ್ಯ. ಟೀ ಟ್ರೀ ಆಯಿಲ್ ಕತೆ ಕೇಳಿದ್ರೆ ಯಾಕೆ ಅಂತ ಗೊತ್ತಾಗುತ್ತೆ. ಅದು ಆಸ್ಟ್ರೇಲಿಯಾದ ಗಿಡ, ನಮ್ಮ ಟೀ ಸೊಪ್ಪಿಗೂ ಅದಕ್ಕೂ ಸಂಬಂಧ ಇಲ್ಲ. 1992ರಲ್ಲಿ ಅಲ್ಲಿನವ್ರು ಕಾಲ್ಬೆರಳ ಸಂದಿ ಫಂಗಸ್ ಇದ್ದೋರಿಗೆ, ನಮ್ಮ ಕಡೆ ಗದ್ದೆ ಕೆಲಸದವ್ರಿಗೆ ಬರೋ ಕೆಸರು ಹುಣ್ಣಿನ ಥರದ್ದು ಅನ್ಕೊಳ್ಳಿ, ಶೇಕಡ 10ರ ಟೀ ಟ್ರೀ ಕ್ರೀಮ್ ಒಂದು ಗುಂಪಿಗೆ, ಟಾಲ್ನಾಫ್ಟೇಟ್ ಅನ್ನೋ ಫಂಗಸ್ ಔಷಧಿ ಒಂದು ಗುಂಪಿಗೆ, ಖಾಲಿ ಕ್ರೀಮ್ ಒಂದು ಗುಂಪಿಗೆ ಕೊಟ್ರು. ತುರಿಕೆ, ಉರಿ, ಸಿಪ್ಪೆ ಏಳೋದು ಟೀ ಟ್ರೀಯಲ್ಲೂ ಔಷಧಿಯಷ್ಟೇ ಕಮ್ಮಿ ಆಯ್ತು. ಎಲ್ರಿಗೂ ಖುಷಿ. ಆದ್ರೆ ಕಲ್ಚರ್ ನೋಡಿದ್ರೆ ಟಾಲ್ನಾಫ್ಟೇಟ್ ಗುಂಪಲ್ಲಿ ಶೇಕಡ 85 ಜನಕ್ಕೆ ಫಂಗಸ್ ಹೋಗಿತ್ತು, ಟೀ ಟ್ರೀ ಗುಂಪಲ್ಲಿ ಶೇಕಡ 30, ಖಾಲಿ ಕ್ರೀಮ್ ಹಚ್ಚಿದ್ದೋರಲ್ಲಿ 21. ಅಂದ್ರೆ ತುರಿಕೆ ಹೋಯ್ತು, ಫಂಗಸ್ ಹಾಗೇ ಕೂತಿತ್ತು. ನಿಮ್ಮತ್ತೆ ಸೊಪ್ಪು ಹಚ್ಚಿದಾಗ ಕಮ್ಮಿ ಆದಂಗಾಯ್ತು ಅಂದ್ರಲ್ಲ, ಮೆಡಿಕಲ್ ಶಾಪ್ ಟ್ಯೂಬಲ್ಲಿ ಎರಡೇ ದಿನಕ್ಕೆ ನಿಂತೋಯ್ತು ಅಂದ್ರಲ್ಲ, ಎರಡಕ್ಕೂ ಉತ್ತರ ಇಲ್ಲೇ ಇದೆ. ತುರಿಕೆ ನಿಂತಿದ್ದನ್ನ ನಾವು ವಾಸಿ ಅನ್ಕೊಳ್ತೀವಿ. ಚರ್ಮ ಸುಳ್ಳು ಹೇಳುತ್ತೆ, ಕಲ್ಚರ್ ಹೇಳಲ್ಲ.

ಆಮೇಲೆ 2002ರಲ್ಲಿ ಇನ್ನೊಂದು ಟ್ರಯಲ್ ಆಯ್ತು, 158 ಜನ, ಈ ಸಲ ಶೇಕಡ 25 ಮತ್ತೆ 50ರ ಗಟ್ಟಿ ದ್ರಾವಣ. ಶೇಕಡ 50ರ ದ್ರಾವಣದಲ್ಲಿ ಫಂಗಸ್ ಹೋಗಿದ್ದು ಶೇಕಡ 64 ಜನಕ್ಕೆ, ಖಾಲಿ ದ್ರಾವಣದಲ್ಲಿ 31. ಇದು ನಿಜವಾದ ಪರಿಣಾಮ, ಒಪ್ಕೊಳ್ತೀನಿ. ಆದ್ರೆ ನಾಲ್ಕು ಜನಕ್ಕೆ ಎಣ್ಣೆಯಿಂದಲೇ ಚರ್ಮ ಉರಿದು ಗಾಯದ ಥರ ಆಯ್ತು, ಅದು ಕಾಲ್ಬೆರಳ ದಪ್ಪ ಚರ್ಮದಲ್ಲಿ. ನಿಮ್ಮನೆಯವ್ರಿಗಿರೋದು ತೊಡೆ ಸಂದೀಲಿ, ಅಲ್ಲಿನ ಚರ್ಮ ಈರುಳ್ಳಿ ಪೊರೆ ಇದ್ದಂಗೆ. ಆನ್‌ಲೈನಲ್ಲಿ ತರಿಸಿದ ಬಾಟಲಿಂದ ಅಲ್ಲಿಗೆ ನೇರ ಹಚ್ಚಿದ್ರೆ ರಾತ್ರಿ ನಿದ್ದೆ ಮಾಡಲ್ಲ ಅವ್ರು. ಇನ್ನೊಂದು ಗಮನಿಸಿ, ಆ ಟ್ರಯಲ್ಲಲ್ಲಿ ಔಷಧಿನೇ ಇಲ್ಲದ ದ್ರಾವಣ ಹಚ್ಚಿದ ಮೂರರಲ್ಲಿ ಒಬ್ಬರಿಗೆ ಫಂಗಸ್ ಹೋಯ್ತು. ದಿನಾ ಕಾಲು ತೊಳೆದು, ಒರೆಸಿ, ಒಣಗಿಸಿ, ಏನೋ ಹಚ್ಕೊಂಡಿದ್ದಕ್ಕೇ ಇರ್ಬಹುದು. ಪಕ್ಕದ್ಮನೆಯವ್ರಿಗೆ ಬೇವಿನ ನೀರಲ್ಲಿ ಹೋಯ್ತು ಅನ್ನೋ ಮಾತು ಸುಳ್ಳಿರಲ್ಲ, ಹೋಗಿರುತ್ತೆ, ಆದ್ರೆ ಹೋಗಿದ್ದು ಬೇವಿಂದನಾ ಒಣಗಿಸಿದ್ದರಿಂದನಾ ಅಂತ ಒಬ್ಬರ ಅನುಭವದಲ್ಲಿ ಬಿಡಿಸಿ ಹೇಳೋಕಾಗಲ್ಲ. ಉಗುರಿಗಂತೂ ಟೀ ಟ್ರೀ ನಂಬಬೇಡಿ, 1994ರಲ್ಲಿ 117 ಜನ ಶುದ್ಧ ಎಣ್ಣೆನ ಆರು ತಿಂಗಳು ದಿನಕ್ಕೆ ಎರಡು ಸಲ ಹಚ್ಚಿದ್ರು ಇಲ್ಲಾ ಕ್ಲೋಟ್ರಿಮಜೋಲ್ ಅನ್ನೋ ಫಂಗಸ್ ಔಷಧಿ ಹಚ್ಚಿದ್ರು, ಕಲ್ಚರ್ ಪ್ರಕಾರ ವಾಸಿಯಾಗಿದ್ದು ಶೇಕಡ 18 ಮತ್ತೆ 11, ಎರಡೂ ಸೋತಂಗೆ.

ಬೆಳ್ಳುಳ್ಳಿ ಇನ್ನೂ ಕುತೂಹಲದ್ದು. ಬೆಳ್ಳುಳ್ಳಿ ಜಜ್ಜಿ ಎಣ್ಣೇಲಿಟ್ಟಾಗ ಹುಟ್ಟೋ ಅಜೋಯಿನ್ ಅನ್ನೋ ಗಂಧಕದ ವಸ್ತುವನ್ನ ವೆನೆಜುವೆಲಾದಲ್ಲಿ ಸೈನಿಕರ ಕಾಲಿನ ಫಂಗಸ್‌ಗೆ ನೋಡಿದ್ರು, ಶೇಕಡ 1ರ ಅಜೋಯಿನ್ ಕ್ರೀಮು ಟರ್ಬಿನಾಫಿನ್ ಕ್ರೀಮಿಗೆ ಸರಿಸಮ ನಿಂತಿತು. ಗಿಡದ ಕಡೆಯಿಂದ ಬಂದ ಪುರಾವೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು, ಟ್ರಯಲ್ ಚಿಕ್ಕದಾದ್ರೂ. ಆದ್ರೆ ದಯವಿಟ್ಟು ಗಮನಿಸಿ, ಅದು ಬೇರ್ಪಡಿಸಿ, ಅಳತೆ ಮಾಡಿ, ಕ್ರೀಮಲ್ಲಿ ಕೂರಿಸಿದ ಅಜೋಯಿನ್, ಅಡುಗೆಮನೆ ಬೆಳ್ಳುಳ್ಳಿ ಅಲ್ಲ. ಹಸಿ ಬೆಳ್ಳುಳ್ಳಿ ಜಜ್ಜಿ ಚರ್ಮಕ್ಕೆ ಕಟ್ಟಿ ರಾತ್ರಿ ಮಲಗಿದ್ರೆ ಬೆಳಿಗ್ಗೆ ಬೊಬ್ಬೆ ಎದ್ದಿರುತ್ತೆ, ಬಿಸಿ ನೀರು ಚೆಲ್ಲಿದಂಗೆ ಸುಟ್ಟಿರುತ್ತೆ. ಇದು ಲೋಕದ ಎಲ್ಲಾ ಕಡೆ ವರದಿಯಾಗಿದೆ, ನಾನೂ ನೋಡಿದ್ದೀನಿ, ಗಜಕರ್ಣ ಅಂತ ಬಂದ ಹುಡುಗನ ಸೊಂಟದ ಮೇಲೆ ಗಜಕರ್ಣಕ್ಕಿಂತ ದೊಡ್ಡ ಸುಟ್ಟ ಗಾಯ.

ಅರಿಶಿನದ ಬಗ್ಗೆ ಒಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಎಲ್ರೂ ಕರ್ಕ್ಯುಮಿನ್ ಕರ್ಕ್ಯುಮಿನ್ ಅಂತಾರೆ, ಅಂದ್ರೆ ಆ ಹಳದಿ ಬಣ್ಣ. 1995ರಲ್ಲಿ ಥಾಯ್ಲೆಂಡಿನವ್ರು ಗಜಕರ್ಣದ ಫಂಗಸ್ಸಿನ ಹದಿನೈದು ಮಾದರಿಗಳ ಮೇಲೆ ನೋಡಿದ್ರೆ ಕರ್ಕ್ಯುಮಿನ್ ಒಂದನ್ನೂ ತಡೀಲಿಲ್ಲ. ತಡೆದಿದ್ದು ಅರಿಶಿನದಿಂದ ಇಳಿಸಿದ ಎಣ್ಣೆ, ಗಿನಿ ಇಲಿಗಳಿಗೆ ಗಜಕರ್ಣ ಬರಿಸಿ ಆ ಎಣ್ಣೆ ಹಚ್ಚಿದ್ರೆ ಆರೇಳು ದಿನಕ್ಕೆ ಕಲೆ ಹೋಯ್ತು. ಇಲಿಗೆ ಆಯ್ತು, ಮನುಷ್ಯರಿಗೆ ಆಗುತ್ತೆ ಅಂತ ಅದೊಂದ್ರಿಂದ ಹೇಳೋಕಾಗಲ್ಲ. ನಾವು ಡಬ್ಬೀಲಿಟ್ಟ ಪುಡಿ ನೀರಲ್ಲಿ ಕಲಸಿ ಹಚ್ಚಿದ್ರೆ ಆ ಎಣ್ಣೆ ಎಷ್ಟು ಉಳಿದಿರುತ್ತೆ? ಹಚ್ಚಿದ ಹಳದಿ ನೋಡಿ ಸಮಾಧಾನ ಆಗುತ್ತೆ, ಕೆಂಪು ಮುಚ್ಚುತ್ತೆ, ಅಷ್ಟೇ. ಬೇವಿಗೆ ತಟ್ಟೆ ಪೇಪರ್ ರಾಶಿ ಇದೆ, ಆದ್ರೆ ಗಜಕರ್ಣಕ್ಕೆ ನಾನು ನೆಚ್ಚಿ ಬರ್ಕೊಡೋವಂಥ ಟ್ರಯಲ್ ಇಲ್ಲ. ಮಜ್ಜಿಗೆ ಹುಲ್ಲಿನ ಎಣ್ಣೆ ಸ್ವಲ್ಪ ವಾಸಿ, ಬ್ರೆಜಿಲಲ್ಲಿ ಚಿಬ್ಬಿಗೆ ನೋಡಿದಾಗ ನಲವತ್ತು ದಿನಕ್ಕೆ ಶೇಕಡ 60 ಜನಕ್ಕೆ ಫಂಗಸ್ ಹೋಯ್ತು, ಕೀಟೊಕೊನಜೋಲ್ ಅನ್ನೋ ಮಾಮೂಲಿ ಔಷಧೀಲಿ 80ಕ್ಕಿಂತ ಜಾಸ್ತಿ. ಮೆಕ್ಸಿಕೋದಲ್ಲಿ ಅಜೆರಟೀನಾ ಅನ್ನೋ ತಮ್ಮೂರ ಗಿಡವನ್ನ ಸರ್ಕಾರಿ ಸಂಶೋಧಕರೇ ಕೂತು, ಸಾರ ಅಳತೆ ಮಾಡಿ, ಕಾಲಿಗೆ ಉಗುರಿಗೆ ಎರಡಕ್ಕೂ ಮಾಮೂಲಿ ಔಷಧಿಗಳ ಪಕ್ಕ ಇಟ್ಟು ಟ್ರಯಲ್ ಮಾಡಿದ್ರು, ಹೆಚ್ಚುಕಮ್ಮಿ ಸಮ ಬಂತು. ನಂಗೆ ಹೊಟ್ಟೆ ಉರಿಯೋದು ಇಲ್ಲೇ. ತಗತೆ, ಸೀಮೆ ಅಗಸೆ ನಮ್ಮ ಬೇಲೀಲಿದೆ, ಹೆಸರಲ್ಲೇ ಕಾಯಿಲೆ ಇಟ್ಕೊಂಡಿದೆ, ಅದಕ್ಕೂ ಆ ಮಟ್ಟದ ಕೆಲಸ ಆಗ್ಬೇಕಿತ್ತು. ಸಾವಿರ ವರ್ಷದ ಹೆಸ್ರು ಅಂತ ಹೆಮ್ಮೆ ಪಟ್ರೆ ಸಾಲ್ದು, ಇನ್ನೂರು ಜನಕ್ಕೆ ಹಚ್ಚಿ ಕಲ್ಚರ್ ಹಾಕಿ ನೋಡ್ಬೇಕು.

ಇಂಗ್ಲಿಷ್ ಔಷಧಿ ಬೇಡ ಗಿಡಮೂಲಿಕೆ ಸಾಕು ಅನ್ನೋ ಅತ್ತೆಯವರ ಮಾತಿಗೂ ಒಂದು ಉತ್ತರ ಇದೆ. ಫಂಗಸ್ ಔಷಧಿಗಳಲ್ಲಿ ಹಳೇವು ಬಹಳಷ್ಟು ಪ್ರಕೃತಿಯಿಂದಲೇ ಬಂದಿದ್ದು, ಆದ್ರೆ ಗಿಡದಿಂದಲ್ಲ, ಮಣ್ಣಿನ ಬ್ಯಾಕ್ಟೀರಿಯಾ, ಬೂಷ್ಟು ಇವುಗಳಿಂದ. ನಿಸ್ಟಾಟಿನ್ ಅನ್ನ 1950ರಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಅನ್ನೋ ಇಬ್ಬರು ಹೆಣ್ಮಕ್ಕಳು ಕಂಡುಹಿಡಿದ್ರು, ಒಂದು ಡೈರಿ ಫಾರ್ಮಿನ ಮಣ್ಣಲ್ಲಿದ್ದ ಬ್ಯಾಕ್ಟೀರಿಯಾದಿಂದ. ಆಂಫೋಟೆರಿಸಿನ್ ಬಂದಿದ್ದು ವೆನೆಜುವೆಲಾದ ನದಿ ದಡದ ಮಣ್ಣಿಂದ. ಗ್ರಿಸಿಯೋಫಲ್ವಿನ್ ಒಂದು ಪೆನಿಸಿಲಿಯಂ ಬೂಷ್ಟಿಂದ, 1939ರಲ್ಲಿ. ನಮ್ಮ ದೇಶದ್ದೇ ಹ್ಯಾಮೈಸಿನ್, ಪುಣೆ ಪಕ್ಕದ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸಲ್ಲಿ ಎಂ. ಜೆ. ತಿರುಮಲಾಚಾರ್ ಮತ್ತೆ ಅವ್ರ ತಂಡದವ್ರು ಮಾಡಿದ್ದು, ಅದೂ ಮಣ್ಣಿನ ಬ್ಯಾಕ್ಟೀರಿಯಾದ್ದೇ, ಆ ಜೀವಿಗೆ ಪಿಂಪ್ರಿ ಊರಿನ ಹೆಸ್ರೇ ಇಟ್ರು. ನುಂಗಿ ಅಥವಾ ನರಕ್ಕೆ ಕೊಟ್ಟು ಒಳಗಿನ ಫಂಗಸ್ ಕೊಲ್ಲೋ ಔಷಧಿಗಳಲ್ಲಿ ಗಿಡದಿಂದ ಬಂದಿದ್ದು ಒಂದೂ ಇಲ್ಲ.

ಮೇಲೆ ಹಚ್ಚೋದ್ರಲ್ಲಿ ಮಾತ್ರ ಗಿಡದ ಋಣ ಇದೆ. ವಿಟ್‌ಫೀಲ್ಡ್ ಆಯಿಂಟ್ಮೆಂಟ್ ಅಂತ ನೂರು ವರ್ಷ ದಾಟಿದ ಮುಲಾಮು, ಬೆಂಜೋಯಿಕ್ ಆಸಿಡ್ ಶೇಕಡ 6, ಸ್ಯಾಲಿಸಿಲಿಕ್ ಆಸಿಡ್ ಶೇಕಡ 3. ಒಂದು ಮೊದ್ಲು ಸಿಕ್ಕಿದ್ದು ಲೋಬಾನದ ಅಂಟಿಂದ, ಇನ್ನೊಂದರ ಮೂಲ ವಿಲ್ಲೋ ಮರದ ತೊಗಟೆ, ಈಗ ಎರಡೂ ಫ್ಯಾಕ್ಟರೀಲಿ ತಯಾರಾಗುತ್ತೆ. ಸ್ವಲ್ಪ ಉರಿಯುತ್ತೆ, ಆದ್ರೆ ಅಗ್ಗ, ಚಿಕ್ಕ ಕಲೆಗೆ ಇವತ್ತಿಗೂ ಕೆಲಸ ಮಾಡುತ್ತೆ. ಇನ್ನೊಂದು ಅಂಡಿಸೈಲಿನಿಕ್ ಆಸಿಡ್, ನಮ್ಮ ಹರಳೆಣ್ಣೆಯಿಂದ ಮಾಡೋದು, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕಾಲಿಗೆ ಹಚ್ಚಿದ್ದು ಅದನ್ನೇ. ಇದನ್ನ ಹೇಳಿದ್ರೆ ಕೆಲವ್ರು ಹರಳೆಣ್ಣೆ ಹಚ್ಚೋಕೆ ಶುರು ಮಾಡ್ತಾರೆ. ಹರಳೆಣ್ಣೇಲಿ ಆ ಆಸಿಡ್ ಇರಲ್ಲ, ಎಣ್ಣೆಯನ್ನ ನೂರಾರು ಡಿಗ್ರಿ ಶಾಖದಲ್ಲಿ ಒಡೆದಾಗ ಹುಟ್ಟುತ್ತೆ. ಗಿಡ, ಗಿಡದ ಒಳಗಿನ ವಸ್ತು, ಆ ವಸ್ತುವಿನ ಸರಿಯಾದ ಅಳತೆ ಇವು ಮೂರೂ ಬೇರೆ ಬೇರೆ.

ಎಣ್ಣೆ ಮಾತು ಬಂತಲ್ಲ, ಚಿಬ್ಬು ಇರೋರು, ತಲೆ ಹೊಟ್ಟು ಇರೋರು ಕೊಬ್ಬರಿ ಎಣ್ಣೆ ತಿಕ್ಕಿ ತಿಕ್ಕಿ ಹಾಕ್ತಾರೆ. ಚಿಬ್ಬು, ಹೊಟ್ಟು ಎರಡ್ರಲ್ಲೂ ಪಾತ್ರ ಇರೋ ಮಲಸೇಝಿಯಾ ಅನ್ನೋ ಫಂಗಸ್ಸಿಗೆ ಎಣ್ಣೇನೇ ಊಟ, ಲ್ಯಾಬಲ್ಲಿ ಅದನ್ನ ಬೆಳೆಸ್ಬೇಕಾದ್ರೆ ನಾವು ಮೇಲೆ ಆಲಿವ್ ಎಣ್ಣೆ ಹಾಕ್ತೀವಿ. ಇಷ್ಟು ಸಾಕು.

ಈಗ ನಿಮ್ಮನೆಯವ್ರ ವಿಷ್ಯಕ್ಕೆ ಬರ್ತೀನಿ, ನನ್ನ ನಿಜವಾದ ಸಿಟ್ಟು ಇರೋದು ಸೊಪ್ಪಿನ ಮೇಲಲ್ಲ, ಆ ಟ್ಯೂಬಿನ ಮೇಲೆ. ಎರಡೇ ದಿನಕ್ಕೆ ತುರಿಕೆ ನಿಂತು, ಬಿಟ್ಟ ತಕ್ಷಣ ಡಬಲ್ ಆಗಿ ಬಂತು ಅಂದ್ರೆ ಅದ್ರಲ್ಲಿ ಸ್ಟಿರಾಯ್ಡ್ ಇದೆ ಅಂತ ನೋಡದೇ ಹೇಳ್ತೀನಿ. ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿ, ಕ್ಲೋಬೆಟಸಾಲ್, ಬೆಕ್ಲೋಮೆಥಾಸೋನ್, ಬೀಟಾಮೆಥಾಸೋನ್ ಈ ಥರ ಹೆಸ್ರಿದ್ರೆ ಅದೇ. ಒಂದೇ ಟ್ಯೂಬಲ್ಲಿ ಸ್ಟಿರಾಯ್ಡು, ಆಂಟಿಬಯೋಟಿಕ್ಕು, ಫಂಗಸ್ ಔಷಧಿ ಎಲ್ಲಾ ಕಲಸಿ ಮಾರ್ತಾರೆ. ಸ್ಟಿರಾಯ್ಡು ಮಾಡೋದು ಏನಂದ್ರೆ ಫಂಗಸ್ ವಿರುದ್ಧ ಚರ್ಮ ಮಾಡ್ತಿರೋ ಜಗಳವನ್ನೇ ನಿಲ್ಸುತ್ತೆ. ಕೆಂಪು, ತುರಿಕೆ ಅಂದ್ರೆ ಆ ಜಗಳ. ಜಗಳ ನಿಂತಾಗ ನಮಗೆ ಸುಖ, ಫಂಗಸ್ಸಿಗೆ ಹಬ್ಬ, ಸದ್ದಿಲ್ಲದೆ ಹರಡುತ್ತೆ, ಉಂಗುರದ ಆಕಾರ ಅಳಿಸೋಗಿ ಡಾಕ್ಟರಿಗೂ ಗುರುತು ಸಿಗದಂಗೆ ಆಗುತ್ತೆ. ತೊಡೆ ಸಂದೀಲಿ ತಿಂಗಳುಗಟ್ಲೆ ಹಚ್ಚಿದ್ರೆ ಚರ್ಮ ತೆಳುವಾಗಿ ಗೀರು ಗೀರಾಗಿ ಒಡೆಯುತ್ತೆ, ಆ ಗೀರು ಜನ್ಮಕ್ಕೆ ಹೋಗಲ್ಲ. 2018ರಲ್ಲಿ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನ ಚೀಟಿ ಇಲ್ಲದೆ ಮಾರಬಾರ್ದು ಅಂತ ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಚರ್ಮರೋಗ ತಜ್ಞರ ಸಂಘ ವರ್ಷಗಟ್ಲೆ ಕೂಗಿದ ಮೇಲೆ. ಆದ್ರೂ ಕೌಂಟರಲ್ಲಿ ಕೈಗೆ ಸಿಗುತ್ತೆ. ನೋಡಿ, ಸೊಪ್ಪು ಮತ್ತೆ ಆ ಟ್ಯೂಬು ಎರಡ್ರಲ್ಲಿ ಒಂದನ್ನ ಆರಿಸಿ ಅಂದ್ರೆ ನಾನು ನಿಮ್ಮತ್ತೆ ಪಕ್ಷ.

ಆದ್ರೆ ಸೊಪ್ಪಿಂದ ಈಗ ವಾಸಿ ಆಗಲ್ಲ, ಅದಕ್ಕೆ ಕಾರಣ ಅತ್ತೆಯವರ ಕಾಲದ ಗಜಕರ್ಣ ಬೇರೆ, ಈಗಿನದು ಬೇರೆ. ನಾನು ಓದೋವಾಗ ಎರಡು ವಾರ ಕ್ರೀಮ್ ಹಚ್ಚಿದ್ರೆ ಹೋಗ್ತಿತ್ತು. ಕಳೆದ ಹತ್ತು ಹನ್ನೆರಡು ವರ್ಷದಲ್ಲಿ ಇಡೀ ಭಾರತದಲ್ಲಿ ಇದು ಸಾಂಕ್ರಾಮಿಕದ ಥರ ಹರಡಿದೆ, ಈಗ ಕಾಡ್ತಿರೋ ಫಂಗಸ್ಸಿಗೆ 2020ರಲ್ಲಿ ಹೊಸ ಹೆಸ್ರೇ ಬಂತು, ಟ್ರೈಕೋಫೈಟಾನ್ ಇಂಡೋಟಿನಿಯೆ, ನಮ್ಮ ದೇಶದ ಹೆಸರಲ್ಲಿ. ಟರ್ಬಿನಾಫಿನ್ ಹಿಡಿಯೋ ಜಾಗದ ಜೀನ್ ಬದ್ಲಾಗಿ ಎಷ್ಟೋ ಜನಕ್ಕೆ ಆ ಮಾತ್ರೆನೂ ಕೆಲಸ ಮಾಡ್ತಿಲ್ಲ, ಹಾಗಾಗಿ ಇಟ್ರಾಕೊನಜೋಲ್ ಕೊಡ್ತೀವಿ, ಅದೂ ನಾಲ್ಕು ವಾರ, ಎಂಟು ವಾರ, ಕೆಲವ್ರಿಗೆ ಇನ್ನೂ ಜಾಸ್ತಿ. ಮಾತ್ರೆಯ ಔಷಧಿಗೇ ಬಗ್ಗದ ಫಂಗಸ್ಸು, ಏಳು ತಿಂಗಳಿಂದ ಕೂತು, ಮೇಲಿಂದ ಸ್ಟಿರಾಯ್ಡ್ ತಿಂದು ಬೆಳೆದಿದ್ದು, ಅದು ಎಲೆ ರಸಕ್ಕೆ ಬಗ್ಗುತ್ತೆ ಅಂತ ನಾನು ನಿಮಗೆ ಹೇಳಿದ್ರೆ ಮೋಸ ಆಗುತ್ತೆ.

ಸೊಪ್ಪಿಗೆ ನಿಂಬೆರಸ ಬೆರೆಸೋದು ಮಾತ್ರ ಇವತ್ತೇ ಬಿಡಿಸಿ. ನಿಂಬೆ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ರೆ ಸುಟ್ಟು ಬೊಬ್ಬೆ ಬಂದು ಕಪ್ಪು ಕಲೆ ತಿಂಗಳುಗಟ್ಲೆ ಉಳಿಯುತ್ತೆ. ಬಾವಂಚಿ ಬೀಜದಲ್ಲೂ ಅದೇ ಅಪಾಯ. ಗೇರು ಬೀಜದ ಸಿಪ್ಪೆ ಎಣ್ಣೆ ಹಚ್ಚೋ ಪದ್ಧತಿ ಘಟ್ಟದ ಕೆಳಗೂ ಮೇಲೂ ಇದೆ, ಅದು ಚರ್ಮವನ್ನ ನಿಜಕ್ಕೂ ಸುಡುತ್ತೆ, ಎಕ್ಕದ ಹಾಲು ಕಣ್ಣಿಗೆ ಹಾರಿದ್ರೆ ಕರಿಗುಡ್ಡೆಗೇ ಪೆಟ್ಟು. ಪೂರ್ತಿ ಹರ್ಬಲ್ ಅಂತ ಹೆಸ್ರು ಬರೆದು, ಒಳಗೆ ಏನಿದೆ ಅಂತ ಬರೀದ ಮುಲಾಮು ಯಾರಾದ್ರೂ ಕೊಟ್ರೆ, ಎರಡೇ ದಿನಕ್ಕೆ ಮ್ಯಾಜಿಕ್ ಥರ ತುರಿಕೆ ನಿಂತ್ರೆ, ಖುಷಿ ಪಡೋ ಬದ್ಲು ಅನುಮಾನ ಪಡಿ. 1999ರಲ್ಲಿ ಲಂಡನ್‌ನ ಡಾಕ್ಟ್ರುಗಳು ಚೈನೀಸ್ ಗಿಡಮೂಲಿಕೆ ಅಂತ ಮಾರ್ತಿದ್ದ 11 ಚರ್ಮದ ಕ್ರೀಮ್ ಪರೀಕ್ಷೆ ಮಾಡಿದ್ರೆ 8ರಲ್ಲಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ಸಿಕ್ಕಿತ್ತು. ಇನ್ನು ಕಪ್ಪು ಫಂಗಸ್ ಅಂತ 2021ರಲ್ಲಿ ಜನ ಕಣ್ಣು ಕಳ್ಕೊಂಡ್ರಲ್ಲ, ಆವಾಗ ಪಟಿಕ, ಅರಿಶಿನ, ಸೈಂಧವ ಲವಣ, ಸಾಸಿವೆ ಎಣ್ಣೆ ಕಲಸಿ ಹಚ್ಚಿ ಅಂತ ಮೆಸೇಜ್ ಓಡಾಡ್ತಿತ್ತು. ಆ ಕಾಯಿಲೇಲಿ ಒಂದೊಂದು ಗಂಟೆನೂ ಲೆಕ್ಕ, ಆಪರೇಷನ್ನು, ಆಂಫೋಟೆರಿಸಿನ್ನು, ಅದೇ ಮುಖ್ಯ ದಾರಿ. ಶುಗರ್ ಇರೋರ ಮುಖ ಊದಿದ್ರೆ, ಕಣ್ಣು ನೋವು ಬಂದ್ರೆ, ಮೂಗಲ್ಲಿ ಕಪ್ಪು ಕಂಡ್ರೆ ಅಡುಗೆಮನೆಗೆ ಹೋಗ್ಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ.

ಹಾಗಾದ್ರೆ ಗಿಡಕ್ಕೆ ಜಾಗವೇ ಇಲ್ವಾ ಅಂದ್ರೆ, ಇದೆ. ದೊಡ್ಡೋರಿಗೆ, ಕೈಗೋ ಕಾಲಿಗೋ ಹೊಸದಾಗಿ ಎದ್ದ ಒಂದೇ ಒಂದು ಚಿಕ್ಕ ಕಲೆ, ಸ್ಟಿರಾಯ್ಡ್ ಮುಟ್ಟಿಸಿಲ್ಲ, ಶುಗರ್ ಇಲ್ಲ, ಬಸುರಿ ಅಲ್ಲ, ಅಂಥೋರು ನಿಂಬೆ ಬೆರೆಸದೆ ಬರೀ ತಗತೆ ರಸ ಹಚ್ಚಿ ಹದಿನೈದು ದಿನ ನೋಡ್ತೀನಿ ಅಂದ್ರೆ ನಾನು ತಡೆಯಲ್ಲ, ಉರಿ ಬಂದ್ರೆ ತೊಳೀರಿ, ಹದಿನೈದು ದಿನಕ್ಕೆ ಕಲೆ ಅಗಲ ಆಗಿದ್ರೆ ಅಥವಾ ಎರಡನೇದು ಎದ್ರೆ ಬನ್ನಿ ಅಂತೀನಿ. ತೊಡೆ ಸಂದಿ, ಮುಖ, ತಲೆ, ಉಗುರು, ಮೂರು ನಾಲ್ಕು ಕಡೆ ಹರಡಿದ್ದು, ಮನೇಲಿ ಇಬ್ಬರಿಗೆ ಬಂದಿದ್ದು, ಇದ್ಯಾವುದಕ್ಕೂ ಆ ಮಾತು ಅನ್ವಯಿಸಲ್ಲ.

ನಿಮ್ಮನೇಲಿ ಈಗ ಮಾಡ್ಬೇಕಾಗಿದ್ದು ಏನಂದ್ರೆ, ಟ್ಯೂಬ್ ನಿಲ್ಸಿ. ನಿಲ್ಸಿದ ಮೇಲೆ ಒಂದು ವಾರ ಹತ್ತು ದಿನ ತುರಿಕೆ ಜಾಸ್ತಿನೇ ಆಗುತ್ತೆ, ಹೆದರಿ ಮತ್ತೆ ಅದನ್ನೇ ಹಚ್ಬೇಡಿ, ತುರಿಕೆಗೆ ಮಾತ್ರೆ ಡಾಕ್ಟ್ರು ಕೊಡ್ತಾರೆ. ಫಂಗಸ್ ಮಾತ್ರೆ ಎಷ್ಟು ದಿನ ಅಂತಾರೋ ಅಷ್ಟು ದಿನ ತಗೋಬೇಕು, ತುರಿಕೆ ನಿಂತ ದಿನ ನಿಲ್ಸೋದಲ್ಲ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಆದ್ರೆ ಊಟದ ಜೊತೆ, ಗ್ಯಾಸ್ಟ್ರಿಕ್ ಮಾತ್ರೆ ಅದ್ರ ಜೊತೆ ನುಂಗಿದ್ರೆ ಔಷಧಿ ಮೈಗೆ ಹಿಡಿಯಲ್ಲ, ಹಾರ್ಟ್ ತೊಂದ್ರೆ, ಲಿವರ್ ತೊಂದ್ರೆ, ಕೊಲೆಸ್ಟ್ರಾಲ್ ಮಾತ್ರೆ ಇದ್ರೆ ಮೊದ್ಲೇ ಹೇಳಿ. ತೋಟದ ಕೆಲಸದಿಂದ ಬಂದ ತಕ್ಷಣ ಒದ್ದೆ ಬಟ್ಟೆ ತೆಗೀಬೇಕು, ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗಲ್ಲ ನಿಜ, ಒಲೆ ಹತ್ರ ಆದ್ರೂ ಸರಿ, ಇಸ್ತ್ರಿ ಮಾಡಿಯಾದ್ರೂ ಸರಿ, ಅರೆಒದ್ದೆ ಚಡ್ಡಿ ಹಾಕೋದು ಬೇಡ. ಸೊಂಟದ ಉಡಿದಾರದ ಕೆಳಗೂ ಫಂಗಸ್ ಕೂತಿರುತ್ತೆ, ವಾಸಿ ಆಗೋವರ್ಗೂ ಬಿಚ್ಚಿಡೋಕೆ ಹೇಳಿ. ಟವೆಲ್ ಒಬ್ಬೊಬ್ಬರಿಗೆ ಒಂದೊಂದು, ರೋಗ ಇರೋರ ಬಟ್ಟೆ ಬೇರೆ, ಬಿಸಿ ನೀರಲ್ಲಿ. ಅತ್ತೆಯವ್ರನ್ನೂ ನಿಮ್ಮನ್ನೂ ಒಂದ್ಸಲ ಬೆಳಕಲ್ಲಿ ಪರೀಕ್ಷೆ ಮಾಡಿಸ್ಕೊಳ್ಳಿ, ಒಬ್ಬರಲ್ಲಿ ಉಳಿದ್ರೂ ತಿರುಗಾ ಎಲ್ರಿಗೂ ಬರುತ್ತೆ.

ಮಗಳ ತಲೆ ಯಾಕೆ ಕಾಯಬಾರ್ದು ಅಂದ್ರೆ, ಅಲ್ಲಿ ಫಂಗಸ್ ಚರ್ಮದ ಮೇಲಿರಲ್ಲ, ಕೂದಲಿನೊಳಗೆ, ಬೇರಿನ ತನಕ ಇಳಿದಿರುತ್ತೆ. ಅಲ್ಲಿಗೆ ಸೊಪ್ಪೂ ಹೋಗಲ್ಲ, ನಮ್ಮ ಕ್ರೀಮೂ ಹೋಗಲ್ಲ, ಬಾಯಿಗೆ ಕೊಡೋ ಔಷಧಿ ಮಾತ್ರ ರಕ್ತದಿಂದ ಕೂದಲ ಬೇರಿಗೆ ಮುಟ್ಟುತ್ತೆ, ಗ್ರಿಸಿಯೋಫಲ್ವಿನ್ನೋ ಟರ್ಬಿನಾಫಿನ್ನೋ, ತೂಕ ನೋಡಿ ಕೊಡ್ತಾರೆ, ವಾರಗಟ್ಲೆ. ತಡ ಆಗಿ ಕೀವು ತುಂಬಿ ಗಡ್ಡೆ ಥರ ಊದಿದ್ರೆ ಆ ಜಾಗದಲ್ಲಿ ಮತ್ತೆ ಕೂದ್ಲು ಬರದೇ ಹೋಗ್ಬಹುದು, ಹೆಣ್ಣುಮಗು. ಕೂದ್ಲು ಉದುರೋಕೆ ಬೇರೆ ಕಾರಣನೂ ಇರುತ್ತೆ, ಅದನ್ನ ಕೂದ್ಲು ಕಿತ್ತು, ದ್ರಾವಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡೋ ಕೆಒಎಚ್ ಟೆಸ್ಟ್ ಮಾಡಿ ಹೇಳ್ತಾರೆ, ಹತ್ತಿಪ್ಪತ್ತು ನಿಮಿಷದ ಕೆಲಸ. ಅದಕ್ಕೇ ಏನೂ ಹಚ್ಬೇಡಿ ಅಂದಿದ್ದು, ಹಚ್ಚಿದ್ರೆ ಟೆಸ್ಟಲ್ಲಿ ಸುಳ್ಳು ಉತ್ತರ ಬರ್ಬಹುದು. ಹೋಗೋವಾಗ ನಿಮ್ಮನೆಯವ್ರನ್ನೂ ಕರ್ಕೊಂಡು ಹೋಗಿ, ಇಲ್ಲೀವರೆಗೆ ಹಚ್ಚಿದ ಟ್ಯೂಬು, ಖಾಲಿಯಾಗಿದ್ರೂ ಸರಿ, ಜೊತೇಲಿ ಒಯ್ದು ತೋರ್ಸಿ, ಸೊಪ್ಪು ಹಚ್ಚಿದ್ದನ್ನೂ ಮುಚ್ಚಿಡದೆ ಹೇಳಿ. ಅತ್ತೆಯವ್ರು ಬರ್ತೀನಿ ಅಂದ್ರೆ ಅವ್ರೂ ಬರ್ಲಿ, ಮೈಕ್ರೋಸ್ಕೋಪಲ್ಲಿ ಫಂಗಸ್ ಎಳೆ ಕಂಡ್ರೆ ಅವ್ರಿಗೂ ಒಂದ್ಸಲ ತೋರಿಸಿ ಅಂತ ಡಾಕ್ಟ್ರನ್ನ ಕೇಳಿ.